ಎಡಕ್ಕೆ ಫ್ರೀ, ಬಲಕ್ಕೆ ದೇವರೇ ಗತಿ

ಊರು ಬಿಟ್ಟು ಬಂದವರಿಗೆ ಹೊಸ ಊರಿನಲ್ಲಿ ಮೊದಲು ತೊಂದರೆಯಾಗುವುದು ಊಟದ್ದು ಅಂತ ಎಲ್ಲರೂ ಹೇಳುತ್ತಾರೆ. ಧಾರವಾಡದಿಂದ ಪುಣೆಗೆ ಬಂದ ನನಗೆ ಹಾಗೇನೂ ಆಗಲಿಲ್ಲ. ಜೋಳದ ಹಿಟ್ಟು ಸಿಗುತ್ತಿತ್ತು, ಶೇಂಗಾ ಚಟ್ನಿ ಸಿಗುತ್ತಿತ್ತು, ಮರಾಠಿಯೂ ಅಷ್ಟೋ ಇಷ್ಟೋ ಕಿವಿಗೆ ಬಿದ್ದದ್ದೇ. ನನಗೆ ತೊಂದರೆಯಾದದ್ದು ಎಡ–ಬಲದ್ದು.

ನಗಬೇಡಿ. ಸ್ವಲ್ಪ ಯೋಚಿಸಿ ನೋಡಿ. ನಮಗೆ ಎಡ ಅಂದರೆ ಎಡ, ಬಲ ಅಂದರೆ ಬಲ. ಮರಾಠಿಯಲ್ಲಿ ಎಡಕ್ಕೆ ‘ಡಾವೀಕಡೆ’, ಬಲಕ್ಕೆ ‘ಉಜವೀಕಡೆ’. ಹಿಂದಿಯಲ್ಲಿ ‘ದಾಯೇ’ ಅಂದರೆ ಬಲ, ‘ಬಾಯೇ’ ಅಂದರೆ ಎಡ. ಹಾಗಾಗಿ ಡಕಾರ ದಕಾರದಿಂದ ಶುರುವಾದರೆ ಮರಾಠಿಯವನಿಗೆ ಎಡ, ಹಿಂದಿಯವನಿಗೆ ಬಲ. ಬಕಾರದಿಂದ ಶುರುವಾದರೆ ನಮಗೆ ಬಲ, ಹಿಂದಿಯವನಿಗೆ ಎಡ. ಇದು ಸಾಲದು ಅಂತ ‘ಸೀಧೇ ಹಾಥ್ ಪೆ’ ಅನ್ನುವವರೂ ಇದ್ದಾರೆ. ನಮ್ಮ ಧಾರವಾಡದಾಗ ‘ಸೀದಾ ಹೋಗ್ರಿ’ ಅಂದರೆ ನೆಟ್ಟಗೆ ಮುಂದಕ್ಕೆ. ಹಿಂದಿಯ ‘ಸೀಧಾ ಹಾಥ್’ ಮಾತ್ರ ಬಲಗೈ! ಆಟೋದಲ್ಲಿ ಕೂತು ಮನೆಯ ದಾರಿ ಹೇಳುವಾಗ ಈ ಮೂರೂ ಭಾಷೆ ತಲೆಯೊಳಗೆ ಒಂದೇ ಸಲ ನುಗ್ಗುತ್ತಿದ್ದವು. ಕೊನೆಗೆ ‘ಲೆಫ್ಟ್ ಘ್ಯಾ’, ‘ರೈಟ್ ಘ್ಯಾ’ ಅಂತ ಇಂಗ್ಲಿಷಿಗೆ ಮರಾಠಿ ಬಾಲ ಅಂಟಿಸಿ ಬದುಕಿಕೊಂಡೆ. ಪರಊರಲ್ಲಿರುವ ಕನ್ನಡಿಗರೆಲ್ಲರ ಕತೆಯೂ ಹೆಚ್ಚುಕಡಿಮೆ ಇದೇ ಇರಬೇಕು.

ಆದರೆ ಮಾತಿನ ಗೊಂದಲ ಆರು ತಿಂಗಳಲ್ಲಿ ತೀರುತ್ತದೆ. ರಸ್ತೆಯ ಗೊಂದಲ ಅಷ್ಟು ಬೇಗ ತೀರುವುದಿಲ್ಲ.

ನಾನು ಗಾಡಿ ಕಲಿತದ್ದು ತೊಂಬತ್ತರ ದಶಕದ ಧಾರವಾಡದಲ್ಲಿ, ಅಣ್ಣನ ಲೂನಾದ ಮೇಲೆ. ಆಗ ಲೈಸೆನ್ಸ್ ಪರೀಕ್ಷೆಯಲ್ಲಿ ಕೈ ಸನ್ನೆ ಕೇಳುತ್ತಿದ್ದರು. ಬಲಕ್ಕೆ ತಿರುಗುವುದಾದರೆ ಬಲಗೈ ನೇರ ಚಾಚಬೇಕು. ಎಡಕ್ಕೆ ತಿರುಗುವುದಾದರೆ ಅದೇ ಬಲಗೈ ಚಾಚಿ ಅಪ್ರದಕ್ಷಿಣೆಯಾಗಿ ಸುತ್ತಬೇಕು. ಕಾರಿನವರಿಗೆ ಇದು ಸರಿ. ದ್ವಿಚಕ್ರದವರ ಬಲಗೈಯಲ್ಲಿ ಆಕ್ಸಿಲರೇಟರ್ ಇರುತ್ತದಲ್ಲ, ಆ ಕೈ ತೆಗೆದರೆ ಗಾಡಿ ಗುರ್ರ್ ಅಂತ ನಿಂತೇ ಹೋಗುತ್ತಿತ್ತು! ಆದರೂ ಪಾಸಾದೆವು. ಜ್ಯುಬಿಲಿ ಸರ್ಕಲ್ಲಿಗೆ ಬಂದರೆ ಪೊಲೀಸಪ್ಪನ ಮುಖ ನೋಡುವುದು, ಅವನು ತಲೆ ಆಡಿಸಿದರೆ ಹೋಗುವುದು. ನಮ್ಮ ರಸ್ತೆಶಾಸ್ತ್ರವೆಲ್ಲ ಅಷ್ಟೇ ಆಗಿತ್ತು.

1999ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಅಲ್ಲಿ ಸರ್ಕಲ್ ಇಲ್ಲ, ‘ಚೌಕ’. ಪೊಲೀಸಪ್ಪ ಇಲ್ಲ, ‘ಮಾಮಾ’. ಮುಖಕ್ಕೆ ಓಢಣಿ ಸುತ್ತಿಕೊಂಡು ಕಣ್ಣಷ್ಟೇ ಕಾಣುವಂತೆ ಗಾಡಿ ಓಡಿಸುವ ಹುಡುಗಿಯರ ದಂಡು. ನಾನೂ ಒಂದು ಸ್ಕೂಟಿ ಕೊಂಡು, ಓಢಣಿ ಸುತ್ತಿ ಆ ದಂಡಿಗೆ ಸೇರಿದೆ. ಮೊದಲ ವಾರದಲ್ಲೇ ಒಂದು ಚೌಕದಲ್ಲಿ, ಎಡಕ್ಕೆ ಹೋಗಬೇಕಿದ್ದ ನಾನು ಕೆಂಪು ದೀಪ ನೋಡಿ ನಿಂತೆ. ಹಿಂದಿನಿಂದ ಹಾರ್ನ್ ಶುರುವಾಯಿತು. ಒಂದಲ್ಲ, ಹತ್ತು. ಒಬ್ಬ ಅಜ್ಜ ಪಕ್ಕಕ್ಕೆ ಬಂದು ಬಹಳ ಮರ್ಯಾದೆಯಿಂದಲೇ ‘ಲೆಫ್ಟ್ ಫ್ರೀ ಆಹೇ, ತಾಈ’ ಅಂದರು. ಪುಣೆಯವರ ಮರ್ಯಾದೆಯ ಮಾತು ಬೈಗುಳಕ್ಕಿಂತ ಚೆನ್ನಾಗಿ ನಾಟುತ್ತದೆ.

ಈ ‘ಲೆಫ್ಟ್ ಫ್ರೀ’ ಎಂಬ ಎರಡು ಪದ ನಮ್ಮ ದೇಶದ ರಸ್ತೆಗಳಲ್ಲಿ ಎಷ್ಟು ಆಳವಾಗಿ ಬೇರು ಬಿಟ್ಟಿದೆಯೆಂದರೆ, ಅದು ಕಾನೂನೇ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಕೆಂಪು ದೀಪ ಅಂದರೆ ಎಡಕ್ಕೆ ಹೋಗುವವನೂ ಸ್ಟಾಪ್ ಲೈನಿನ ಹಿಂದೆ ನಿಲ್ಲಬೇಕು. ಎಡಕ್ಕೆ ಹೋಗಬಹುದು ಅಂತ ಫಲಕವಿದ್ದರೆ, ಹಸಿರು ಬಾಣ ಇದ್ದರೆ, ಅಥವಾ ಎಡಕ್ಕೆಂದೇ ಬೇರೆ ಕವಲು ರಸ್ತೆ ಮಾಡಿದ್ದರೆ ಮಾತ್ರ ಹೋಗಬಹುದು. 2019ರ ತಿದ್ದುಪಡಿಯ ನಂತರವಂತೂ ಕೆಂಪು ದೀಪ ದಾಟುವುದು ಮೋಟಾರು ವಾಹನ ಕಾಯ್ದೆಯಲ್ಲಿ ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿದೆ. ಆದರೆ ಫಲಕ ಎಲ್ಲಿದೆ? ಒಂದು ಚೌಕದಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ, ಅದರ ಮುಂದಿನದರಲ್ಲಿ ಇದ್ದರೂ ಯಾವುದೋ ‘ದಾದಾ’ನ ಹುಟ್ಟುಹಬ್ಬದ ಫ್ಲೆಕ್ಸಿನ ಹಿಂದೆ ಇರುತ್ತದೆ. ಆದ್ದರಿಂದ ಜನ ಫಲಕ ನೋಡುವುದನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡುತ್ತಾರೆ. ಮುಂದಿನವನು ಹೋದನೇ, ನಾನೂ ಹೋದೆ.

ಎಡದ ಕತೆ ಇದಾದರೆ ಬಲದ್ದು ಇನ್ನೂ ದೊಡ್ಡದು. ಬಲಕ್ಕೆ ತಿರುಗುವವನು ಮೊದಲೇ ರಸ್ತೆಯ ಮಧ್ಯಭಾಗದ ಹತ್ತಿರ ಬರಬೇಕು, ತಿರುಗಿದ ಮೇಲೆ ಹೊಸ ರಸ್ತೆಯ ಎಡಭಾಗ ಸೇರಬೇಕು. ಪುಸ್ತಕದಲ್ಲಿರುವುದು ಹೀಗೆ. ಚೌಕದಲ್ಲಿ ನಡೆಯುವುದು ಬೇರೆ. ಕೆಂಪು ದೀಪದಲ್ಲಿ ದ್ವಿಚಕ್ರಗಳು ಎಲ್ಲಿ ಸಂದು ಸಿಕ್ಕರೆ ಅಲ್ಲಿ ತೂರಿ ಮುಂದೆ ಬಂದು ನಿಲ್ಲುತ್ತವೆ. ಬಲಕ್ಕೆ ಹೋಗಬೇಕಾದವನು ಎಡ ಮೂಲೆಯಲ್ಲಿರುತ್ತಾನೆ, ನೇರ ಹೋಗುವವನು ಬಲ ಮೂಲೆಯಲ್ಲಿರುತ್ತಾನೆ. ಹಸಿರು ಬಿದ್ದ ಕೂಡಲೇ ಇಬ್ಬರೂ ಕತ್ತರಿಯ ಎರಡು ಅಲಗಿನಂತೆ ಒಬ್ಬರ ಮುಂದೊಬ್ಬರು ಹಾಯುತ್ತಾರೆ.

ಇದರ ಜೊತೆಗೆ ದೀಪದ ಲೆಕ್ಕವೂ ಎಲ್ಲ ಕಡೆ ಒಂದೇ ಅಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಿಂತು ನಿಂತು ನೋಡಿಯೇ ತಿಳಿದದ್ದು. ಕೆಲವು ಚೌಕಗಳಲ್ಲಿ ನಾಲ್ಕು ದಾರಿಗೂ ಸರದಿಯಂತೆ ಒಂದೊಂದಾಗಿ ಹಸಿರು ಬರುತ್ತದೆ. ನಮಗೆ ಹಸಿರಿದ್ದಾಗ ಎದುರಿನವರಿಗೂ ಕೆಂಪು. ಅಲ್ಲಿ ಬಲಕ್ಕೆ ಆರಾಮಾಗಿ ತಿರುಗಬಹುದು. ಇನ್ನು ಕೆಲವು ಕಡೆ ಎದುರುಬದುರಿನ ಎರಡೂ ದಾರಿಗೆ ಒಟ್ಟಿಗೇ ಹಸಿರು. ಅಲ್ಲಿ ದುಂಡನೆಯ ಹಸಿರು ದೀಪದ ಅರ್ಥ ‘ಹೋಗು, ಆದರೆ ಬಲಕ್ಕೆ ತಿರುಗುವುದಿದ್ದರೆ ಎದುರಿನಿಂದ ನೇರ ಬರುವವರಿಗೆ ದಾರಿ ಬಿಟ್ಟು ಹೋಗು’ ಎಂದು. ಹಸಿರು ಬಾಣ ಇದ್ದರೆ ಮಾತ್ರ ಆ ತಿರುವು ನಿಮ್ಮದೇ. ದುಂಡು ದೀಪಕ್ಕೂ ಬಾಣಕ್ಕೂ ಇರುವ ಈ ವ್ಯತ್ಯಾಸ ಗೊತ್ತಿಲ್ಲದೆ ಇಪ್ಪತ್ತು ವರ್ಷ ಗಾಡಿ ಓಡಿಸಿದವರು ನಮ್ಮ ಬಿಲ್ಡಿಂಗಿನಲ್ಲೇ ನಾಲ್ಕು ಜನ ಇದ್ದಾರೆ. ಮೊದಲ ಥರದ ಚೌಕದ ರೂಢಿ ಇದ್ದವನು ಎರಡನೆಯ ಥರದ ಚೌಕಕ್ಕೆ ಬಂದರೆ, ‘ನನಗ ಹಸಿರು ಇತ್ತು’ ಅಂತ ಅವನೂ, ‘ನನಗೂ ಹಸಿರೇ ಇತ್ತು’ ಅಂತ ಎದುರಿನವನೂ ರಸ್ತೆ ನಡುವೆ ಜಗಳ ಮಾಡುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

2006ರ ಡಿಸೆಂಬರಿನಲ್ಲಿ ಕಾತ್ರಜದಿಂದ ಸ್ವಾರಗೇಟ್ ಮೇಲೆ ಹಡಪಸರದ ಕಡೆಗೆ ಬಿಆರ್‌ಟಿ ಬಂತು. ರಸ್ತೆಯ ನಟ್ಟನಡುವೆ ಬಸ್ಸಿನ ದಾರಿ. ಈಗ ನೋಡಿ, ಬಲಕ್ಕೆ ತಿರುಗುವವರು ಮಧ್ಯಕ್ಕೆ ಬರಬೇಕು ಅಂತ ಕಲಿತಿದ್ದೆವಲ್ಲ, ಆ ಮಧ್ಯದಲ್ಲೇ ಬಸ್ಸು ನೇರ ಓಡುತ್ತದೆ! ಬಸ್ಸಿನ ಎಡಗಡೆಯಿಂದ ಹೊರಟು ಅದರ ಮೂತಿಯ ಮುಂದೆ ಬಲಕ್ಕೆ ತಿರುಗಬೇಕು. ಅದಕ್ಕಾಗಿ ಬಸ್ಸಿಗೆ ಬೇರೆ ದೀಪ, ನಮಗೆ ಬೇರೆ ದೀಪ. ಯಾವ ದೀಪ ಯಾರಿಗೆ ಅಂತ ತಿಳಿಯುವಷ್ಟರಲ್ಲಿ ಹಿಂದಿನವರ ಹಾರ್ನು.

ನಾವು ಪುಣೆಯಲ್ಲಿ ಪಟ್ಟ ಪಾಡು ಹನ್ನೆರಡು ವರ್ಷದ ಮೇಲೆ ತವರಿಗೂ ಬಂತು. 2018ರಲ್ಲಿ ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸು ಓಡಲು ಶುರುವಾದ ಮೇಲೆ ಊರಿಗೆ ಹೋದಾಗ, ಚಿಕ್ಕಂದಿನಿಂದ ತಿರುಗಿದ ತಿರುವಿನಲ್ಲಿ ಕಾರು ತಿರುಗಿಸಲು ಹೋದೆ. ಪಕ್ಕದಲ್ಲಿದ್ದ ತಮ್ಮ, “ಅಕ್ಕಾ, ಅಲ್ಲೆ ಹೊಳ್ಳಿಸಬ್ಯಾಡ. ಈಗ ಮುಂದ ಹೋಗಿ ಯೂ-ಟರ್ನ್ ತಗೊಂಡು ಬರಬೇಕು” ಅಂದ. ಸಣ್ಣ ಮಾತು. ಆದರೆ ನನ್ನ ಊರಿನ ದಾರಿಯನ್ನು ನನಗೆ ಇನ್ನೊಬ್ಬರು ಹೇಳಿಕೊಡುವ ಕಾಲ ಬಂತಲ್ಲ ಅಂತ ಒಂದು ಕ್ಷಣ ಸುಮ್ಮನಾದೆ. ಊರಿಗೆ ಹೋಗುವ ದಾರಿಯೂ ಹಾಗೇ ಆಯಿತು. ಪುಣೆಯ ಚಾಂದನಿ ಚೌಕದ ಹಳೇ ಸೇತುವೆಯನ್ನು 2022ರ ಅಕ್ಟೋಬರಿನಲ್ಲಿ ಸ್ಫೋಟಿಸಿ ಕೆಡವಿದರು, 2023ರ ಆಗಸ್ಟಿನಲ್ಲಿ ಹೊಸ ಮೇಲುರಸ್ತೆಗಳ ಜಾಲ ತೆರೆಯಿತು. ಅಲ್ಲಿ ಒಂದು ಫಲಕ ಕಣ್ತಪ್ಪಿದರೆ ಕೊಲ್ಲಾಪುರ, ಬೆಳಗಾವಿಯ ಬದಲು ಮುಂಬೈ ದಿಕ್ಕಿಗೆ ಹೊರಟಿರುತ್ತೀರಿ. ನಮ್ಮ ಮನೆಯವರು ಅಲ್ಲಿಗೆ ಬರುತ್ತಲೇ ರೇಡಿಯೋ ಬಂದ್ ಮಾಡಿಸುತ್ತಾರೆ.

ಇದನ್ನೆಲ್ಲ ನಗುತ್ತಾ ಹೇಳಬಹುದು. ನಗಲಾಗದ್ದು ಒಂದಿದೆ. ಅದು 2016ರ ಮಳೆಗಾಲದ್ದು.

ನಮ್ಮ ಬಿಲ್ಡಿಂಗಿನ ಮೂರು ಮನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಗಂಡ ಗೌಂಡಿ ಕೆಲಸ. ಪುಣೆಯಲ್ಲಿ ಕಟ್ಟಡ ಏಳುವ ಕಡೆಯೆಲ್ಲ ನಮ್ಮ ವಿಜಯಪುರ, ಕಲಬುರ್ಗಿಯ ಕನ್ನಡ ಕೇಳುತ್ತದೆ. ಅವಳಿಗೆ ಮರಾಠಿ ತಿಳಿಯುತ್ತಿತ್ತು, ಆದರೆ ಮಾತಾಡಲು ಅಷ್ಟು ಬರುತ್ತಿರಲಿಲ್ಲ. ಒಂದು ಮುಂಜಾನೆ ಅವಳ ಗಂಡನ ಫೋನು: “ಅಕ್ಕಾರ, ಚೌಕದಾಗ ಗಾಡಿ ಬಡದೈತ್ರಿ. ಪೊಲೀಸರು ಏನೇನೋ ಕೇಳಾಕತ್ತಾರ, ಸ್ವಲ್ಪ ಬರ್ರಿ.”

ಹೋದೆ. ಮೊದಲು ಆಸ್ಪತ್ರೆಗೆ, ಅಲ್ಲಿಂದ ಚೌಕಿಗೆ. ಕಾಲಿನ ಎಲುಬು ಮುರಿದಿತ್ತು. ಅವಳು ಹೇಳಿದ್ದನ್ನು ನಾನು ಮರಾಠಿಯಲ್ಲಿ ಬರೆಸಬೇಕಿತ್ತು.

“ನಾ ಏನ್ ಓಡಿ ಹೋಗಿಲ್ರಿ ಅಕ್ಕಾರ. ಗಾಡಿ ಎಲ್ಲಾ ನಿಂತಿದ್ವು. ಹಸರ ಮನಷ್ಯಾ ನಡೀಲಾಕತ್ತಿದ್ದ, ನಾನೂ ನಡದೆ. ಪಟ್ಟಿ ಮ್ಯಾಲೇ ಇದ್ದೆ. ಈ ಹುಡುಗ ಎಲ್ಲಿಂದ ಬಂದ್ನೋ ಗೊತ್ತಾಗ್ಲಿಲ್ರಿ.”

ಹಸರ ಮನಷ್ಯಾ! ಪಾದಚಾರಿಗಳ ದೀಪದಲ್ಲಿ ಕಾಣುವ ಆ ನಡೆಯುವ ಬೊಂಬೆಗೆ ಅವಳು ಇಟ್ಟ ಹೆಸರು ಅದು. ಓದು ಬಾರದ ಆ ಹೆಂಗಸು ಈ ಊರಿನಲ್ಲಿ ನಂಬಿದ್ದ ಒಂದೇ ಫಲಕ ಅದಾಗಿತ್ತು.

ಗಾಡಿ ಬಡಿದ ಹುಡುಗನೂ ಪರಊರವನೇ. ನಾಂದೇಡದ ಕಡೆಯಿಂದ ಬಂದು ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ. ಮುಖ ಬಿಳಚಿಕೊಂಡಿತ್ತು. ‘ಲೆಫ್ಟ್ ಫ್ರೀ ಆಹೇ ನಾ? ಮೀ ಕಾಯ್ ಕೇಲಂ?’ ಎಂಬುದೊಂದೇ ಮಾತು ಅವನದು. ಎಡಕ್ಕೆ ಫ್ರೀ ಇದೆಯಲ್ಲ, ನಾನೇನು ಮಾಡಿದೆ?

ಹವಾಲ್ದಾರರು ವಯಸ್ಸಾದವರು. ಅಲ್ಲಿ ಫಲಕ ಇದೆಯೋ ಇಲ್ಲವೋ ನೋಡಿಯೇ ಬಿಡೋಣ ಅಂತ ಹೊರಟರು. ನಾನೂ ಹೋದೆ. ಗುಲ್‌ಮೊಹರ್ ಗಿಡದ ಕೊಂಬೆ ಸರಿಸಿದರೆ ಫಲಕ ಇತ್ತು. ಬಣ್ಣ ಹೋಗಿತ್ತು, ಆದರೂ ಎಡಕ್ಕೆ ತಿರುವು ಮುಕ್ತ ಅಂತ ಓದಬಹುದಿತ್ತು. ಅಂದರೆ ಹುಡುಗನ ಮಾತೂ ಸುಳ್ಳಲ್ಲ. ಅವನ ಕಡೆಯ ದೀಪ ಕೆಂಪು, ಅದಕ್ಕೇ ಗಾಡಿಗಳು ನಿಂತಿದ್ದವು. ಗಾಡಿ ನಿಂತದ್ದಕ್ಕೇ ಅವಳಿಗೆ ಹಸಿರು ಮನುಷ್ಯ ಬಂದಿದ್ದ. ನಿಂತ ಗಾಡಿಗಳ ಎಡಪಕ್ಕದಿಂದ ಅವನು ರೊಯ್ಯನೆ ಬಂದ. ಅವನಿಗೆ ಅವಳು ಕಾಣಲಿಲ್ಲ, ಅವಳಿಗೆ ಅವನು ಕಾಣಲಿಲ್ಲ. ಇಬ್ಬರಿಗೂ ‘ಹೋಗು’ ಅಂತ ಹೇಳಿದ್ದು ಒಂದೇ ಚೌಕ.

ಹವಾಲ್ದಾರರು ಹುಡುಗನಿಗೆ ಹೇಳಿದ ಮಾತನ್ನು ನಾನು ಮರೆತಿಲ್ಲ. ಫ್ರೀ ಅಂದರೆ ದೀಪದಿಂದ ಫ್ರೀ, ಮನುಷ್ಯರಿಂದ ಫ್ರೀ ಅಲ್ಲಪ್ಪಾ ಅಂದರು. ನಿಯಮವೂ ಅದೇ. ಎಡಕ್ಕೆ ಹೋಗಲು ಅನುಮತಿ ಇರಬಹುದು, ಆದರೆ ತಿರುಗುವವನು ಪಟ್ಟಿ ದಾಟುತ್ತಿರುವವರಿಗೆ ಮೊದಲು ದಾರಿ ಬಿಡಬೇಕು. ನಮ್ಮ ಜನ ಮಾತ್ರ ‘ಫ್ರೀ’ ಎಂಬ ಪದವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟಿದ್ದಾರೆ.

ಹುಡುಗನ ಅಪ್ಪ ಊರಿಂದ ಬಂದು ಆಸ್ಪತ್ರೆಯ ಖರ್ಚು ಕೊಟ್ಟರು. ಆರು ವಾರ ಪ್ಲಾಸ್ಟರ್. ಅಷ್ಟರಲ್ಲಿ ಅವಳ ಎರಡು ಮನೆಯ ಕೆಲಸ ಬೇರೆಯವರ ಪಾಲಾಯಿತು. ಕುಂಟುತ್ತಾ ಮತ್ತೆ ಬಂದ ಮೇಲೆ ನೋಡುತ್ತೇನೆ, ಅವಳು ಚೌಕದಲ್ಲಿ ದಾಟುವುದನ್ನೇ ಬಿಟ್ಟಿದ್ದಳು. ಚೌಕದಿಂದ ನೂರು ಹೆಜ್ಜೆ ಆಚೆ, ಡಿವೈಡರ್ ಒಡೆದ ಕಡೆ ದಾಟುತ್ತಿದ್ದಳು.

“ಅದು ಅಪಾಯ ಅಲ್ಲೇನವ್ವಾ? ಅಲ್ಲಿ ಸಿಗ್ನಲ್ ಇಲ್ಲ” ಅಂದೆ.

“ಇಲ್ಲಿ ಒಂದ ಕಡೆಯಿಂದ ಬರ್ತಾವ್ರಿ ಅಕ್ಕಾರ, ನೋಡಕೋತ ದಾಟಬಹುದು. ಅಲ್ಲಿ ನಾಕೂ ಕಡೆಯಿಂದ ಬರ್ತಾವ. ಹಸರ ಮನಷ್ಯಾನ ನಂಬಂಗಿಲ್ಲ.”

ನನಗೆ ಉತ್ತರ ಹೊಳೆಯಲಿಲ್ಲ. ಊರಿನ ಕಾಯ್ದೆಯನ್ನು ನಂಬಿ ನಡೆದವಳು ಬಿದ್ದಳು, ಬಿದ್ದ ಮೇಲೆ ಕಾಯ್ದೆ ಮುರಿಯಲು ಕಲಿತಳು. ಇಂಥವರನ್ನು ನೋಡಿಯೇ ನಾವು ಕಾರಿನೊಳಗೆ ಕೂತು ‘ಈ ಜನಕ್ಕ ಎಲ್ಲಿ ದಾಟಬೇಕು ಅಂತ ಗೊತ್ತಿಲ್ಲ’ ಅನ್ನುತ್ತೇವೆ.

ಎರಡು ವರ್ಷದ ಮೇಲೆ ಮಗಳಿಗೆ ಹದಿನೆಂಟಾಯಿತು, ಗಾಡಿ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅವಳಿಗೆ ಹೇಳಿದ್ದು ಐದೇ ಮಾತು. ಫಲಕ ಕಾಣದಿದ್ದರೆ ಕೆಂಪು ಅಂದರೆ ಕೆಂಪೇ, ಎಡಕ್ಕೂ ನಿಲ್ಲು. ಫಲಕ ಇದ್ದರೂ ಪಟ್ಟಿಯ ಮೇಲೆ ಮನುಷ್ಯರಿದ್ದರೆ ನಿಲ್ಲು. ದುಂಡು ಹಸಿರಿಗೆ ಬಲಕ್ಕೆ ತಿರುಗುವಾಗ ಎದುರಿನವರನ್ನು ಮೊದಲು ಬಿಡು. ರಾತ್ರಿ ಹಳದಿ ದೀಪ ಮಿನುಗುತ್ತಿದ್ದರೆ ಅದು ‘ಓಡು’ ಅಂತಲ್ಲ, ‘ನಿಧಾನವಾಗಿ, ನೋಡಿಕೊಂಡು’ ಅಂತ. ದೀಪ ಇಲ್ಲದ ಕೂಟದಲ್ಲಿ ಮುಖ್ಯರಸ್ತೆಯವರಿಗೆ, ಅದಿಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ ದಾರಿ ಕೊಡು.

ಮೊದಲ ದಿನವೇ ಅವಳು ಎಡಕ್ಕೆ ತಿರುಗುವಲ್ಲಿ ಕೆಂಪು ನೋಡಿ ನಿಂತಳು. ಹಿಂದಿನಿಂದ ಅದೇ ಹಾರ್ನು. ಹಿಂದೆ ಕೂತ ನಾನು ಅವಳ ಹೆಗಲು ಬಿಗಿಯಾದದ್ದನ್ನು ನೋಡಿದೆ. “ಅಮ್ಮಾ, ಹೋಗ್ಲೇನು? ಎಲ್ಲಾರೂ ಬೈಲಿಕ್ಕತ್ತಾರ” ಅಂದಳು. “ಬೈಲಿ. ಬೈಗುಳಕ್ಕ ಎಲುಬು ಮುರಿಯೂದಿಲ್ಲ” ಅಂದೆ. ಆ ಮೂವತ್ತು ಸೆಕೆಂಡು ಇಬ್ಬರಿಗೂ ಮೂರು ತಾಸಿನಂತಿತ್ತು. ನಿಯಮ ಗೊತ್ತಿಲ್ಲದೆ ಮುರಿಯುವವರಿಗಿಂತ, ಹಿಂದಿನವರ ಹಾರ್ನಿಗೆ ಹೆದರಿ ಮುರಿಯುವವರೇ ಹೆಚ್ಚು ಅಂತ ನನಗೆ ಅನಿಸಿದ್ದು ಅವತ್ತೇ. ಪರಊರವರಿಗಂತೂ ಈ ಹೆದರಿಕೆ ಇಮ್ಮಡಿ. ನಂಬರ್ ಪ್ಲೇಟ್ ಕೆಎ ಇದ್ದರೆ ಮುಮ್ಮಡಿ!

ಮುಂಬೈ ಪೊಲೀಸರು 2020ರ ಜನವರಿ ಕೊನೆಯಲ್ಲಿ ಇದಕ್ಕೊಂದು ಮದ್ದು ತೋರಿಸಿದ್ದರು. ಕೆಲವು ಸಿಗ್ನಲ್ ಕಂಬಗಳಿಗೆ ಶಬ್ದ ಅಳೆಯುವ ಯಂತ್ರ ಜೋಡಿಸಿ, ಹಾರ್ನಿನ ಗದ್ದಲ 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುವಂತೆ ಮಾಡಿದ್ದರು. ಆ ವಿಡಿಯೋ ಫೋನಿನಿಂದ ಫೋನಿಗೆ ಓಡಾಡಿತು. ಮಗಳು ನಾಲ್ಕು ಸಲ ನೋಡಿ ನಕ್ಕಳು. ನಾನೂ ನಕ್ಕೆ. ಕಾಯುವವರ ಪರವಾಗಿ ಒಂದು ಕಂಬವಾದರೂ ನಿಂತಿತಲ್ಲ ಅಂತ ಸಮಾಧಾನವಾಯಿತು.

2022ರಲ್ಲಿ ಮಗಳು ನೌಕರಿಗೆ ಹೈದರಾಬಾದಿಗೆ ಹೋದಳು. ಅಲ್ಲಿಗೆ ಎಡ–ಬಲದ ಕತೆ ಎರಡನೇ ತಲೆಮಾರಿಗೆ ದಾಟಿತು. ತೆಲುಗಿನಲ್ಲಿ ಎಡಕ್ಕೆ ‘ಎಡಮ’, ಅದೇನೋ ನಮ್ಮದೇ ಪದ. ಬಲಕ್ಕೆ ಮಾತ್ರ ‘ಕುಡಿ’! “ಆಟೋದವ ಕುಡಿ ಕುಡಿ ಅಂತಾನ, ನಾನು ನೀರಿನ ಬಾಟ್ಲಿ ತೆಗೀತೀನಿ” ಅಂತ ಫೋನಿನಲ್ಲಿ ನಗುತ್ತಿದ್ದಳು.

ಆ ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ಫೋನು. ಹೈದರಾಬಾದ್ ಪೊಲೀಸರು ಹೊಸ ಬಿಗಿ ಶುರುಮಾಡಿದ್ದರು. ಅಲ್ಲಿ ಫ್ರೀ ಲೆಫ್ಟಿಗೆ ಅಡ್ಡ ನಿಂತರೆ 1,000 ರೂಪಾಯಿ ದಂಡ, ಸ್ಟಾಪ್ ಲೈನ್ ದಾಟಿ ನಿಂತರೆ 100.

“ಅಮ್ಮಾ, ನೀನು ಎಡಕ್ಕ ನಿಲ್ಲು ಅಂತಿದ್ದಿ. ಇಲ್ಲಿ ನಿಂತ್ರ ದಂಡ ಹಾಕ್ತಾರ. ಏನ್ ಮಾಡ್ಲಿ ಹೇಳು?”

ಒಳ್ಳೆಯ ಪ್ರಶ್ನೆ. ಎರಡಕ್ಕೂ ಜಗಳವಿಲ್ಲ ಅಂತ ಅವಳಿಗೆ ಬಿಡಿಸಿ ಹೇಳಿದೆ. ನೇರ ಹೋಗುವವರು ಎಡದ ಸಾಲಿನಲ್ಲಿ ನಿಂತು, ಹೋಗಲು ಅನುಮತಿ ಇದ್ದವರ ದಾರಿ ಕಟ್ಟಬಾರದು. ಎಡಕ್ಕೆ ಹೋಗುವವರು ಪಟ್ಟಿಯ ಮೇಲಿನವರ ದಾರಿ ಕಟ್ಟಬಾರದು. ಎರಡರ ತಿರುಳೂ ಒಂದೇ: ನಿನ್ನ ದಾರಿ ಯಾವುದು ಅಂತ ಚೌಕಕ್ಕೆ ಬರುವ ಮೊದಲೇ ನಿರ್ಧಾರ ಮಾಡು, ಇನ್ನೊಬ್ಬರ ದಾರಿಯಲ್ಲಿ ನಿಲ್ಲಬೇಡ. ಊರಿನಿಂದ ಊರಿಗೆ ಫಲಕ ಬದಲಾಗುತ್ತದೆ, ದಂಡ ಬದಲಾಗುತ್ತದೆ, ಎಡ–ಬಲದ ಹೆಸರೂ ಬದಲಾಗುತ್ತದೆ. ಹೊಸ ಊರಿಗೆ ಹೋದ ಮೊದಲ ವಾರ ಅಲ್ಲಿಯ ಫಲಕ ಓದುವುದು, ಮಾಮಾನನ್ನು ಕೇಳುವುದು ನಾಚಿಕೆಯ ವಿಷಯವಲ್ಲ. ಮುಂದಿನವನನ್ನು ನೋಡಿ ಹೋಗುವುದು ಮಾತ್ರ ಎಲ್ಲ ಊರಲ್ಲೂ ಅಪಾಯವೇ.

“ಮತ್ತ ಪಟ್ಟಿ ಮ್ಯಾಲೆ ಯಾರರೆ ಇದ್ದಾಗ ಹಿಂದಿನವ್ರು ಹಾರ್ನ್ ಹೊಡದ್ರ?” ಅಂತ ಕೇಳಿದಳು.

“ಹೊಡೀಲಿ. ನೀನು ಮುಂದಿನವ್ರನ್ನ ನೋಡು” ಅಂದೆ.